ಗೋಸುಂಬೆಯೂ ರವಿಕೆ ಕಣಗಳೂ

ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಯಾರಾದರೂ "ಎಲ್ರೀ ನಿಮ್ಮ ಗೋಸುಂಬೆ?" ಎಂದು ಕೇಳಿದರೆ ನನಗೆ ತಟ್ಟನೆ ಒಳಕೋಣೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಹೋಗಿ ಲೈನಿಂಗ್ ಬಟ್ಟೆಯ ಥಾನುಗಳ ಮಧ್ಯೆ ನಿಂತುಕೊಳ್ಳುತ್ತೇನೆ. ಅಲ್ಲಿ ಕೆಲಸವೇನೂ ಇರುವುದಿಲ್ಲ. ಕೇಳಿದವರು ಸೀರೆಗೆ ಫಾಲ್ಸ್ ತೆಗೆದುಕೊಂಡು ಹೊರಟರೆಂದು ಖಾತ್ರಿಯಾದ ಮೇಲೆ ಆಚೆ ಬರುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ನನಗೆ ನಾಚಿಕೆಯಾಗುತ್ತದೆ.

ಅಜ್ಜಂಪುರದಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಹೆಂಗಸರು ಹೊಸ ಸೀರೆ ತಂದು ಕೌಂಟರಿನ ಮೇಲೆ ಹಾಸುತ್ತಾರೆ, ನಾನು ಅದಕ್ಕೆ ಹೊಂದುವ ರವಿಕೆ ಕಣ ತೆಗೆದುಕೊಡುತ್ತೇನೆ. ಲೋಕದವರಿಗೆಲ್ಲ ಹಸಿರು ಎಂದರೆ ಬರೀ ಹಸಿರು. ನನಗೆ ಗಿಳಿಹಸಿರು ಬೇರೆ, ರಾಮಾ ಗ್ರೀನ್ ಬೇರೆ, ಬಾಟಲ್ ಗ್ರೀನ್ ಬೇರೆ, ಮೆಹಂದಿ ಬೇರೆ. ಈ ಕಣ್ಣಿನ ಬಗ್ಗೆ ನನಗೆ ತುಸು ಜಂಬವೂ ಇತ್ತು. ಎಲ್ಲೋ ಒಮ್ಮೊಮ್ಮೆ ಬಣ್ಣ ಹೊಂದದೆ ಹೋದರೆ ಅದಕ್ಕೂ ನಮ್ಮ ಕಸುಬಿನಲ್ಲಿ ಉಪಾಯವಿದೆ. "ಟ್ಯೂಬ್‌ಲೈಟಲ್ಲಿ ಹಂಗ್ ಕಾಣುತ್ತೆ ಕಣಮ್ಮ, ಬಿಸಿಲಿಗೆ ಹಿಡಿದು ನೋಡಿ" ಎಂದರಾಯಿತು. ಬಿಸಿಲಿಗೆ ಹೋಗಿ ಬಂದವರ ಕಣ್ಣು ಕೋರೈಸಿ, ಸ್ವಲ್ಪ ಹೊತ್ತು ಯಾವ ಬಣ್ಣ ತೋರಿಸಿದರೂ ಹೂಂ ಅನ್ನುತ್ತಾರೆ.

ಇಂಥ ನನಗೆ ಕಳೆದ ಬೇಸಿಗೆಯಲ್ಲಿ ಗೋಸುಂಬೆ ಸಿಕ್ಕಿತು. ಬುಕ್ಕಾಂಬುಧಿಯ ಟೈಲರ್ ಒಬ್ಬರಿಗೆ ಬಟ್ಟೆ ಕೊಟ್ಟು ಸ್ಕೂಟರಿನಲ್ಲಿ ಬರುತ್ತಿದ್ದೆ. ಕೆರೆ ಏರಿಯ ಹತ್ತಿರ ನಾಲ್ಕಾರು ಜನ ಕಲ್ಲು ಹಿಡಿದು ನಿಂತಿದ್ದರು. ನಡುವೆ ಈ ಪ್ರಾಣಿ ರಸ್ತೆ ದಾಟುತ್ತಿತ್ತು. ದಾಟುತ್ತಿತ್ತು ಎನ್ನುವುದೂ ದೊಡ್ಡ ಮಾತೇ. ಒಂದು ಕಾಲು ಎತ್ತುವುದು, ಇಡಲೋ ಬೇಡವೋ ಎಂದು ತೂಗುವುದು, ಮುಂದೆ ಇಟ್ಟಿದ್ದನ್ನು ಮತ್ತೆ ಹಿಂದಕ್ಕೆ ತರುವುದು. ಸೀರೆ ಆರಿಸುವ ಕೆಲವು ಗಿರಾಕಿಗಳು ನೆನಪಾಗಿ ನನಗೆ ಅದರ ಮೇಲೆ ಪ್ರೀತಿಯೇ ಬಂದುಬಿಟ್ಟಿತು.

"ಮುಟ್ಟಬ್ಯಾಡ್ರೀ, ಭಾರಿ ವಿಷ ಕಣ್ರೀ ಅದು" ಎಂದು ಒಬ್ಬರು ಕೂಗಿದರು. ನಾನು ಬಟ್ಟೆಚೀಲವನ್ನು ಅದರ ಮುಂದೆ ಹಿಡಿದೆ. ಅದು ಹಾಗೆಯೇ ತೂಗಾಡುತ್ತ ಚೀಲದೊಳಗೆ ಹತ್ತಿತು. ಅಷ್ಟೂ ಜನ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಜೀವ ಉಳಿಸಿದೆನೆಂಬ ಸಂತೋಷ ಒಂದು ಪಾಲಾದರೆ, ಅವರು ನೋಡುತ್ತಿದ್ದಾರೆಂಬ ಸಂತೋಷ ಮೂರು ಪಾಲು ಇತ್ತು. ಏರಿಯ ಆ ಕಡೆ ಬೇಲಿಯಲ್ಲಿ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅದನ್ನು ಅಂಗಡಿಗೆ ತಂದೆ.

ನಮ್ಮ ಕಡೆ ಗೋಸುಂಬೆ ಎಂಬುದು ಬೈಗುಳ. ಮಾತು ಬದಲಿಸುವವನು ಗೋಸುಂಬೆ, ಪಕ್ಷ ಬದಲಿಸುವವನು ಗೋಸುಂಬೆ. ನನಗೆ ಮಾತ್ರ ಅದು ನಮ್ಮ ಕಸುಬಿನ ಕುಲದೇವರ ಹಾಗೆ ಕಂಡಿತು. ದೇವರೇ ತೆರೆದ ಮ್ಯಾಚಿಂಗ್ ಸೆಂಟರ್! ಯಾವುದರ ಮೇಲೆ ಕೂತರೆ ಅದಕ್ಕೆ ಹೊಂದುವ ಬಣ್ಣ ತಾನೇ ತಾಳುತ್ತದೆಂದು ಚಿಕ್ಕಂದಿನಿಂದ ಕೇಳಿದ್ದೆ. ಅದರ ಕಣ್ಣುಗಳಂತೂ ಅಂಗಡಿಯವನಿಗೇ ಹೇಳಿಮಾಡಿಸಿದಂಥವು. ಒಂದು ಕಣ್ಣು ಕೌಂಟರಿನ ಗಿರಾಕಿಯ ಮೇಲೆ, ಇನ್ನೊಂದು ಎದುರಂಗಡಿಗೆ ಹೋಗುತ್ತಿರುವ ಗಿರಾಕಿಯ ಮೇಲೆ. ನಾನು ಇಷ್ಟು ವರ್ಷ ಪ್ರಯತ್ನಪಟ್ಟರೂ ನನಗೆ ಬಂದಿದ್ದು ಕತ್ತುನೋವು ಮಾತ್ರ.

ಸಾಕುವುದರಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ ಎಂದುಕೊಂಡಿದ್ದೆ. ಕುಂಡದಲ್ಲಿದ್ದ ದಾಸವಾಳದ ಗಿಡವನ್ನು ಅಂಗಡಿಯೊಳಗೆ ತರಿಸಿ, ಸುತ್ತ ಸೊಳ್ಳೆ ಪರದೆ ಕಟ್ಟಿದೆ. ಬೆಳಗಾದರೆ ರೈಲ್ವೆ ಸ್ಟೇಷನ್ನಿನ ಹಿಂದಿನ ಹುಲ್ಲಿನಲ್ಲಿ ಪಂಚೆ ಎತ್ತಿ ಕಟ್ಟಿ ಮಿಡತೆ ಹಿಡಿಯುತ್ತಿದ್ದೆ. ವಾಕಿಂಗ್ ಬರುವವರು "ಏನ್ ಕಳ್ಕೊಂಡ್ರಿ ಯಜಮಾನ್ರೇ?" ಎಂದು ಕೇಳುತ್ತಿದ್ದರು. "ಮರ್ಯಾದೆ" ಎಂದು ಉತ್ತರ ಕೊಡಬಹುದಿತ್ತು. ಕುಡಿಯಲು ಸ್ಟೀಲಿನ ಬಟ್ಟಲಲ್ಲಿ ನೀರು. ನಮ್ಮ ಅಂಗಡಿಗೆ ಬಂದ ಯಾರಿಗೇ ಆಗಲಿ, ವ್ಯಾಪಾರ ಆಮೇಲೆ, ಮೊದಲು ನೀರು ಕೊಡುವುದು ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ. ಗೋಸುಂಬೆಗೂ ಅದನ್ನು ತಪ್ಪಿಸಲಿಲ್ಲ.

ಆಮೇಲೆ ಶುರುವಾಯಿತು ಪ್ರದರ್ಶನ. ಸುದ್ದಿ ಹರಡಿ ಜನ ಬಂದರು. ಬಂದವರನ್ನು ಬರಿದೆ ಕಳಿಸುವುದು ಹೇಗೆ? ಪರದೆ ಸರಿಸಿ, ಗೋಸುಂಬೆಯನ್ನು ಕೌಂಟರಿನ ಮೇಲಿಟ್ಟು, ಅದರ ಕೆಳಗೆ ಮರೂನ್ ಕಣ ಹಾಸುತ್ತಿದ್ದೆ. ಅದು ಮೈ ಉಬ್ಬಿಸಿ ನಿಧಾನವಾಗಿ ಕಪ್ಪಗಾಗುತ್ತಿತ್ತು. "ನೋಡಿ, ಮರೂನಿಗೆ ಬಂತು!" ಎನ್ನುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಆನಂದ ಬ್ಲೂ ಹಾಸಿದರೂ ಕಪ್ಪು. "ಡಾರ್ಕ್ ಶೇಡ್ ಹಿಡೀತು." ಒಬ್ಬ ಹೆಂಗಸು ಹಟಮಾಡಿ ನಿಂಬೆ ಬಣ್ಣ ಹಾಸಿಸಿದಳು. ಆಗಲೂ ಅದು ಕಪ್ಪೇ. ನಾನು ಸೋಲುವವನೇ? "ಟ್ಯೂಬ್‌ಲೈಟಲ್ಲಿ ಹಂಗ್ ಕಾಣುತ್ತೆ ಕಣಮ್ಮ" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನನ್ನ ಹೆಂಡತಿ ಸರೋಜ ಮಧ್ಯಾಹ್ನ ಊಟದ ಕ್ಯಾರಿಯರ್ ತಂದಾಗ ಅದನ್ನು ಬಗ್ಗಿ ನೋಡುತ್ತಿದ್ದಳು. "ಏನ್ರೀ, ಕಣ್ಣು ಗುಳಿ ಬಿದ್ದೈತೆ. ಹಗಲೊತ್ತಲ್ಲೇ ಕಣ್ಮುಚ್ಕೊಂಡು ಕೂತೈತಲ್ರೀ?" ಎಂದಳು ಒಂದು ದಿನ.

"ಊಟ ಆದ್ಮೇಲೆ ನಾನೂ ಮುಚ್ಚಲ್ವೇನೇ?" ಎಂದೆ.

"ಅದು ಊಟ ಎಲ್ ಮಾಡೈತೆ? ಮಿಡತೆ ಎಲ್ಲಾ ಪರದೇಲಿ ಆಡ್ಕೊಂಡವೆ ನೋಡಿ."

ನೋಡಿದೆ. ನಿಜವಾಗಿತ್ತು. ಗೋಸುಂಬೆ ಕೊಂಬೆಗೆ ಅಂಟಿಕೊಂಡಿತ್ತು, ಮೈ ಸುಕ್ಕಾಗಿತ್ತು. ಇದು ಸಾಯುತ್ತದೆ ಎಂದು ಅನಿಸಿದ ಕೂಡಲೇ ಅಂಗಡಿಯ ಬಾಗಿಲು ಎಳೆದೆ. ಊರಿನಲ್ಲೇ ಪಶುವೈದ್ಯರಿದ್ದಾರೆ, ಆದರೆ ಅವರ ಮನೆಯವರು ನಮ್ಮ ಗಿರಾಕಿ, ಮಾತು ಊರೆಲ್ಲ ಆದೀತು. ಅಂಥ ಹೊತ್ತಿನಲ್ಲೂ ನನಗೆ ಮಾನದ ಯೋಚನೆ! ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ತರೀಕೆರೆ ಬಸ್ಸು ಹತ್ತಿದೆ. ಪಕ್ಕದವರು ಏನೆಂದು ಕೇಳಿದಾಗ ಗಾಜಿನ ಬಳೆ ಎಂದು ಸುಳ್ಳು ಹೇಳಿದೆ.

ತರೀಕೆರೆಯಲ್ಲಿ ಗೊತ್ತಿದ್ದವರೊಬ್ಬರು ಹೇಳಿದ ಪಶುವೈದ್ಯೆಯ ಮನೆಗೆ ಹೋದೆ. ಆಕೆ ಡಬ್ಬ ತೆರೆದು ನೋಡಿ ಮುಖ ಗಂಟಿಕ್ಕಿಕೊಂಡರು. "ಇದನ್ನ ಮನೇಲಿಟ್ಕೊಳ್ಳೋದು ಕಾನೂನು ಪ್ರಕಾರ ತಪ್ಪು, ಗೊತ್ತಾ ಯಜಮಾನ್ರೇ?"

"ಗೊತ್ತಿರ್ಲಿಲ್ಲ ಮೇಡಂ. ಕಾಯಿಲೆ ಏನು?"

"ಕಾಯಿಲೆ ಇಲ್ಲ. ಬಾಯಾರಿಕೆ."

ನನಗೆ ರೋಷ ಬಂತು. "ದಿನಾ ಬಟ್ಟಲು ತೊಳೆದು ನೀರಿಟ್ಟಿದೀನಿ ಮೇಡಂ!"

"ಬಟ್ಟಲಲ್ಲಿ ನಿಂತ ನೀರು ನೀರು ಅಂತ ಇದಕ್ಕೆ ಗೊತ್ತೇ ಆಗಲ್ಲ. ಎಲೆ ಮೇಲೆ ಬಿದ್ದ ಹನಿ ಮಾತ್ರ ಕುಡಿಯುತ್ತೆ."

ಅವರು ಅಂಗಳದ ಗಿಡವೊಂದಕ್ಕೆ ಅದನ್ನು ಹತ್ತಿಸಿ, ಬಟ್ಟೆಗೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಯಿಂದ ಎಲೆಗಳ ಮೇಲೆ ಹನಿ ಹಾರಿಸಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಕಣ್ಣು ತೆರೆಯಿತು. ಎಲೆಯ ತುದಿಗೆ ಬಾಯಿಟ್ಟಿತು. ಕುಡಿಯಿತು. ತಲೆ ಎತ್ತಿ ನುಂಗಿ ಮತ್ತೆ ಕುಡಿಯಿತು. ಅವರು ಹನಿ ಹಾರಿಸುತ್ತಲೇ ಇದ್ದರು, ಅದು ಕುಡಿಯುತ್ತಲೇ ಇತ್ತು. ಬಂದವರಿಗೆಲ್ಲ ಮೊದಲು ನೀರು ಕೊಡುವ ಮನೆತನದವನು ನಾನು, ಮುಂದೆ ನಿಂತು ನೋಡುತ್ತಿದ್ದೆ. ನಮ್ಮಪ್ಪ ಎಲ್ಲಿದ್ದರೂ ಸರಿ, ಆ ಹೊತ್ತಿನಲ್ಲಿ ಈ ಕಡೆ ನೋಡದಿರಲಿ ಎಂದು ಬೇಡಿಕೊಂಡೆ.

ಸುಮ್ಮನಿರಲಾರದೆ ಕೇಳಿದೆ, "ಮೇಡಂ, ಮರೂನ್ ಹಾಸಿದ್ರೆ ಚೆನ್ನಾಗಿ ಮ್ಯಾಚ್ ಆಗ್ತಿತ್ತು. ನಿಂಬೆ ಬಣ್ಣಕ್ಕೆ ಯಾಕೆ ಆಗ್ಲಿಲ್ಲ?"

ಆಕೆ ನನ್ನನ್ನೇ ನೋಡಿದರು. "ನೀವು ಹಾಸಿದ ಬಟ್ಟೆಗೂ ಅದರ ಬಣ್ಣಕ್ಕೂ ಸಂಬಂಧ ಇಲ್ಲ ಯಜಮಾನ್ರೇ. ಹೆದರಿದಾಗ ಅದು ಕಪ್ಪಾಗುತ್ತೆ."

ಅಂದರೆ ನಾನು ಜನರನ್ನು ಕರೆದು ಕರೆದು ತೋರಿಸಿದ್ದು ಅದರ ಭಯವನ್ನು. ಚಪ್ಪಾಳೆ ತಟ್ಟಿಸಿದ್ದೂ ಅದಕ್ಕೇ. ನಾಲ್ಕು ಜನರ ಕಲ್ಲಿನಿಂದ ಬಿಡಿಸಿ ತಂದು, ನಲವತ್ತು ಜನರ ಕಣ್ಣಿಗೆ ಒಡ್ಡಿದ್ದೆ. ಕಲ್ಲು ಹಿಡಿದವರಿಗಾದರೂ ಅದು ವಿಷವೆಂಬ ಹೆದರಿಕೆ ಇತ್ತು, ನನಗೆ ಯಾವ ನೆಪವೂ ಇರಲಿಲ್ಲ. ಬಣ್ಣದ ಕಣ್ಣಿದೆಯೆಂದು ಜಂಬಪಡುವವನಿಗೆ ಅಷ್ಟು ದಿನ ಎದುರಿಗೇ ಇದ್ದ ಒಂದು ಬಣ್ಣ ಓದಲು ಬರಲಿಲ್ಲ.

ಆಕೆ ಅದನ್ನು ಇಟ್ಟುಕೊಂಡು ಆರೈಕೆ ಮಾಡಿ, ಅರಣ್ಯ ಇಲಾಖೆಯವರಿಗೆ ತಿಳಿಸಿದರು. ಇಲಾಖೆಯವರು ನನ್ನನ್ನು ಗದರಿಸಿ, ಸಿಕ್ಕಿದ ಜಾಗ ತೋರಿಸಲು ಕರೆದೊಯ್ದರು. ಕೆರೆ ಏರಿಯ ಪಕ್ಕದ ಹೊಂಗೆಮರಕ್ಕೆ ಬಿಟ್ಟಾಗ ಅದು ಮೊದಲು ಕಪ್ಪಗೇ ಇತ್ತು. ನಾವು ಹಿಂದೆ ಸರಿದು ದೂರ ನಿಂತೆವು. ನೋಡುತ್ತಿದ್ದಂತೆ ಆ ಕಪ್ಪು ಇಳಿಯಿತು, ಹಸಿರು ಬಂತು. ಅದು ಗಿಳಿಹಸಿರಲ್ಲ, ರಾಮಾ ಗ್ರೀನೂ ಅಲ್ಲ. ಅಂಥ ಥಾನು ನಮ್ಮ ಅಂಗಡಿಯಲ್ಲಿ ಇರಲಿಲ್ಲ. ಅದು ಹಿಂತಿರುಗಿ ನೋಡಲಿಲ್ಲ, ಒಂದು ಕಣ್ಣು ಹಿಂದಕ್ಕೆ ತಿರುಗಿತ್ತೋ ಏನೋ ನನಗೆ ಕಾಣಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪ್ರದರ್ಶನದ ದಿನಗಳಲ್ಲಿ ನೆಂಟರಿಗೆಲ್ಲ ಫೋನ್ ಮಾಡಿ ಕೊಚ್ಚಿಕೊಂಡಿದ್ದೆ, ಅದನ್ನು ನಂಬಿ ಕಡೂರಿನಿಂದ ಸರೋಜಳ ತಂಗಿ ಶಾರದ ಗಂಡನ ಜೊತೆ ಭಾನುವಾರ ಬಂದಿಳಿದಳು. ಕೂತವಳೇ, "ಎಲ್ ಭಾವ ನಿಮ್ ಗೋಸುಂಬೆ? ನಮಗೂ ಬಣ್ಣ ಬದಲಾಯಿಸಿ ತೋರಿಸ್ತೀರ?" ಎಂದಳು. ಮನೆಯಲ್ಲಿ ಥಾನುಗಳ ಒಳಕೋಣೆ ಇಲ್ಲ. ನಾನು ಎದ್ದು ಹೋಗುವಷ್ಟರಲ್ಲಿ ಸರೋಜ ಅಡುಗೆಮನೆ ಬಾಗಿಲಲ್ಲಿ ನಿಂತು ಶುರುಮಾಡಿದಳು. ಬುಕ್ಕಾಂಬುಧಿಯಿಂದ ಹಿಡಿದು ಬಸ್ಸಿನಲ್ಲಿ ಹೇಳಿದ ಗಾಜಿನ ಬಳೆಯವರೆಗೆ ಒಂದನ್ನೂ ಬಿಡಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ಕೂತರು. ನನ್ನ ಕಿವಿ ಬಿಸಿಯಾಯಿತು, ಕತ್ತು ಬಿಸಿಯಾಯಿತು.

"ಅಯ್ಯೋ, ಭಾವನ ಮುಖ ನೋಡಕ್ಕ!" ಎಂದಳು ಶಾರದ. "ಯಾವ ಕಲರ್ ಅಂತಾರೆ ಇದಕ್ಕೆ?"

"ಮರೂನ್ ಕಣೇ" ಎಂದಳು ಸರೋಜ. "ಏನ್ ಹಾಸಿದ್ರೂ ಇದೇ ಬರೋದು."

ಎಲ್ಲರೂ ನಕ್ಕರು. ನೋಡಲು ಬಂದವರಿಗೆ ಮೋಸವಾಗಲಿಲ್ಲ. ನಾನೂ ನಗಬೇಕೆಂದು ಬಾಯಿ ತೆರೆದರೆ ನಾಲಿಗೆ ಒಣಗಿಹೋಗಿತ್ತು. ಎದುರಿಗೇ ತಂಬಿಗೆ ತುಂಬ ನೀರಿತ್ತು. ಅಷ್ಟು ಜನ ನೋಡುತ್ತಿರುವಾಗ ಕೈಚಾಚಿ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ.