ನಿಕ್ ಅಲ್ಲ, ನಂಜುಂಡಯ್ಯ

ನಮ್ಮ ಯಜಮಾನರ ಹೆಸರು ನಂಜುಂಡಯ್ಯ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹಾಸನದಲ್ಲಿ ಈಗಲೂ ಕೆಲವರು ಅವರನ್ನು ಬೇರೊಂದು ಹೆಸರಿನಲ್ಲಿ ನೆನೆಯುತ್ತಾರೆ, ಅದು ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಅವರ ಹೆಸರನ್ನು ಮಾತ್ರ ಯಾರೂ ತಿದ್ದಲು ಬರಬೇಡಿ.

ಮೊಸಳೆ ಎಂಬ ಊರಿನ ಜೋಡಿ ಗುಡಿ ನೋಡಲು ಹಾಸನದಿಂದ ಬರುವ ಕಾರುಗಳು ನಮ್ಮೂರಿನ ಮೇಲೇ ಹೋಗುತ್ತವೆ. ನಮ್ಮ ಈಶ್ವರನ ಗುಡಿಯಲ್ಲಿ ಇಳಿದು ನೋಡುವಂಥದ್ದೇನಿಲ್ಲ. ಸುಣ್ಣ ಬಳಿದ ಗೋಡೆ, ಮುಂದೊಂದು ಬಿಲ್ವದ ಮರ, ಅಷ್ಟೇ. ಮಾವನವರ ನಂತರ ಅಲ್ಲಿ ಇವರದೇ ಪೂಜೆ. ಸಾಯಂಕಾಲ ಮನೆಯ ಜಗಲಿಯ ಮೇಲೆ ಹುಡುಗರಿಗೆ ಮಂತ್ರಪಾಠ. ಅರಕಲಗೂಡು, ಹೊಳೆನರಸೀಪುರದ ಕಡೆಯ ಹುಡುಗರೂ ನಮ್ಮ ಮನೆಯಲ್ಲಿ ಉಂಡು ಕಲಿತು ಹೋಗಿದ್ದಾರೆ. ಗುರು ಒಂದು ಸಲ ಹೇಳಬೇಕು, ಶಿಷ್ಯ ಎರಡು ಸಲ ಹೇಳಬೇಕು. ಇದಕ್ಕೆ ಸಂಥೆ ಎನ್ನುತ್ತಾರೆ. ತಪ್ಪಿದರೆ ಗುರು ಬೈಯುವಂತಿಲ್ಲ, ಮತ್ತೆ ಒಂದು ಸಲ ಹೇಳಬೇಕು. ನಾನು ಒಳಗೆ ಅಕ್ಕಿ ಆರಿಸುತ್ತಾ ಕೇಳುತ್ತಿದ್ದೆ. ಹುಡುಗರು ತಪ್ಪಿದ್ದು ನನಗೂ ತಿಳಿಯುತ್ತಿತ್ತು. ಹೇಳುವಂತಿರಲಿಲ್ಲ, ಹೆಂಗಸಲ್ಲವೇ!

ಹೆಸರಿನ ವಿಷಯದಲ್ಲಿ ಅವರದು ವಿಪರೀತ ಶಿಸ್ತು. ಅರ್ಚನೆಗೆ ಬಂದವರು, "ಪುಟ್ಟ ಅಂತ ಯೋಳ್ಬುಡಿ ಅಯ್ನೋರೆ" ಎಂದರೆ ಹೂವಿನ ತಟ್ಟೆಯನ್ನು ಹಿಡಿದುಕೊಂಡೇ ನಿಂತುಬಿಡುವರು. "ಈ ಊರಲ್ಲಿ ಪುಟ್ಟಂದಿರು ಎಷ್ಟು ಜನ ಇದಾರೆ? ತೊಟ್ಟಿಲಲ್ಲಿ ಇಟ್ಟ ಹೆಸರು ಹೇಳಿ. ದೇವರು ಯಾರ ಕಡೆ ನೋಡಬೇಕು ಅಂತ ತಿಳೀಬೇಡವೇ?" ಎನ್ನುವರು.

ಎರಡು ಸಾವಿರದ ನಾಲ್ಕನೇ ಇಸವಿಯ ಕಾರ್ತಿಕ ಮಾಸ. ನಮ್ಮೂರ ದಿಲೀಪ್ ಹಾಸನದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ. ಪೋಲೆಂಡ್ ದೇಶದ ಒಬ್ಬ ಹೆಂಗಸನ್ನು ಮೊಸಳೆಗೆ ಕರೆತಂದವನು, ನೀರು ಕುಡಿಯಲು ನಮ್ಮ ಗುಡಿಯ ಹತ್ತಿರ ನಿಲ್ಲಿಸಿದ. ಹಾನ್ನಾ ಎಂದು ಆಕೆಯ ಹೆಸರು. ನನ್ನ ವಯಸ್ಸಿನವಳೇ. ಒಳಗೆ ಘಂಟೆ ಕೇಳಿ ಚಪ್ಪಲಿ ಬಿಟ್ಟು ಬಂದು ನಿಂತಳು. ಊರಿನಲ್ಲಿ ಮೊಮ್ಮಗಳಿಗೆ ಹೃದಯದ ಕಾಯಿಲೆ, ಕಾರ್ತಿಕದ ಕೊನೆಯ ಸೋಮವಾರವೇ ಆಪರೇಷನ್, ಆ ಮಗುವಿನ ಹೆಸರಿನಲ್ಲಿ ಪೂಜೆ ಮಾಡಬಹುದೇ ಎಂದು ದಿಲೀಪನ ಬಾಯಲ್ಲಿ ಕೇಳಿಸಿದಳು.

"ಆಗತ್ತೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ. ನಕ್ಷತ್ರವನ್ನ ಹೆಸರಿನ ಮೊದಲ ಅಕ್ಷರದಿಂದ ತೆಗೀತೀನಿ. ಹೆಸರೇನು?"

ಅಗ್ನ್ಯೆಷ್ಕಾ ಎಂದಳು.

ಆ ಹೆಸರು ಇವರ ಬಾಯಲ್ಲಿ ನಿಲ್ಲಲಿಲ್ಲ. ಹೋಮ ಮಾಡಿ ಮಾಡಿ ಪಳಗಿದ ನಾಲಿಗೆ. "ಅಗ್ನ" ಎನ್ನುತ್ತಲೇ ತನ್ನಷ್ಟಕ್ಕೆ "ಅಗ್ನಯೇ" ಎಂದು ಓಡುತ್ತಿತ್ತು, ಹಿಂದೆಯೇ "ಸ್ವಾಹಾ" ಬರುತ್ತಿತ್ತು. ಕಾಯಿಲೆಯ ಮಗುವಿನ ಹೆಸರಿಗೆ ಸ್ವಾಹಾ! ಇವರು ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು. ದಿಲೀಪ್ ಕಂಬ ಹಿಡಿದುಕೊಂಡು ನಕ್ಕ.

"ಏನೋ ಒಂದ್ ಅಂದ್ಬುಡಿ ಅಯ್ನೋರೆ. ಆಯಮ್ಮಂಗೇನ್ ಗೊತ್ತಾಯ್ತದೆ?"

"ಆಕೆಗೆ ಗೊತ್ತಾಗದೆ ಇರಬಹುದು ಕಣೋ. ಒಳಗಿರೋನಿಗೆ?"

"ಅಂಗಾದ್ರೆ ಆಸನಕ್ಕೋಗಿ ಇಂಗ್ಲೀಸ್ ಕಲ್ತ್ಕಳಿ. ಬಸ್ಟ್ಯಾಂಡ್ ತಾವ ಕ್ಲಾಸ್ ಮಾಡ್ತಾರೆ."

ಅವನು ಹೇಳಿದ್ದು ಕುಚೋದ್ಯಕ್ಕೆ. ಆ ದಿನ ಸಂಕಲ್ಪದಲ್ಲಿ ಹೆಸರು ಬರುವ ಜಾಗಕ್ಕೆ ಬಂದಾಗ ಇವರು ಒಂದು ಉಸಿರು ಸುಮ್ಮನೆ ನಿಂತು ಮುಂದಕ್ಕೆ ಹೋದರು. ಖಾಲಿ ಬಿಟ್ಟ ಆ ಜಾಗ ಅವರಿಗೆ ಊಟ ಸೇರದಂತೆ ಮಾಡಿತು. "ಕೊನೆಯ ಸೋಮವಾರಕ್ಕೆ ಬಾಯಿಗೆ ಬರಲೇಬೇಕು ಕಾವೇರಿ. ಮಾತು ಕೊಟ್ಟಿದ್ದೀನಿ" ಎಂದು ನನಗೆ ಹೇಳಿದರು. ಮಾರನೆಯ ದಿನ ಪೂಜೆ ಮುಗಿಸಿ ನಿಜವಾಗಿಯೂ ಹಾಸನದ ಬಸ್ಸು ಹತ್ತಿದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ.

ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಾಸು. ಕಲಿಸುವವನು ಆತ್ರೇಯ, ಕುತ್ತಿಗೆಗೆ ಟೈ ಕಟ್ಟಿದ ಹುಡುಗ. ಫೋನಿನಲ್ಲಿ ಹೊರದೇಶದವರ ಜೊತೆ ಮಾತಾಡುವ ಕೆಲಸಕ್ಕೆ ಮಕ್ಕಳನ್ನು ತಯಾರು ಮಾಡುತ್ತಿದ್ದ. ಇವರು ಬಂದ ಕಾರಣ ಹೇಳಿದರು. ಅವನು ಅರ್ಧ ಕೇಳಿದ.

"ತಾತ, ಮೊದಲು ನಿಮ್ಮ ಹೆಸರು ಸರಿ ಮಾಡೋಣ. ನಂಜುಂಡಯ್ಯ ಅಂದ್ರೆ ಫಾರಿನರ್ಸ್ ಬಾಯಿಗೆ ಬರಲ್ಲ. ಇಲ್ಲಿ ಎಲ್ಲರಿಗೂ ಒಂದೊಂದು ಹೆಸರು ಕೊಟ್ಟಿದ್ದೀವಿ. ನೀವು ನಿಕ್."

"ಅವರ ಹೆಸರು ಹೇಳೋದನ್ನ ಕಲಿಯೋದಕ್ಕೆ ಬಂದೆನಪ್ಪ. ನನ್ನ ಹೆಸರು ಬಿಡೋದಕ್ಕೆ ಬರಲಿಲ್ಲ."

ಹುಡುಗರೆಲ್ಲ ನಕ್ಕರು. ಅವನು ಕಪ್ಪು ಹಲಗೆಯ ಮೇಲೆ ಹೆಸರುಗಳನ್ನು ಬರೆದು ಒಬ್ಬೊಬ್ಬರಿಂದ ಹೇಳಿಸಿದ. ಫ್ರಾಂಕ್, ಜೆನಿಫರ್, ಫಿಲಿಪ್. ಇವರು "ಫ" ಎನ್ನುವಾಗ ನಮ್ಮ ಮಂತ್ರದ ಹಾಗೆ ತುಟಿ ಕೂಡಿಸಿ ಉಸಿರು ಬಿಟ್ಟು ಹೇಳುತ್ತಿದ್ದರು. ಆತ್ರೇಯ ಹಾಗೆಯೇ ತುಟಿ ಮಾಡಿ ಇವರನ್ನು ಅಣಕಿಸಿ ತೋರಿಸಿದ. "ನೋಡಿ, ಹೀಗೆ ಹೇಳಬಾರದು. ಕಮ್ ಆನ್ ನಿಕ್, ಒನ್ಸ್ ಮೋರ್!" ಮತ್ತೆ ನಗು. ತಲೆಗೂದಲು ಬೆಳ್ಳಗಾದ ಮನುಷ್ಯ, ಎಷ್ಟೋ ಹುಡುಗರಿಗೆ ಪಾಠ ಹೇಳಿದವರು, ಮತ್ತೆ ಹೇಳಿದರು. ಮತ್ತೆ ತಪ್ಪಿತು. ನಾನು ಹಿಂದಿನ ಬೆಂಚಿನಲ್ಲಿ ಸೆರಗು ಹಿಂಡುತ್ತಾ ಕೂತಿದ್ದೆ. ನನ್ನ ಜನ್ಮದಲ್ಲಿ ಯಾರ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ.

ಕೊನೆಗೆ ಹಾನ್ನಾ ಆ ಮಗುವಿನ ಹೆಸರು ಬರೆದುಕೊಟ್ಟಿದ್ದ ಚೀಟಿ ಕೊಟ್ಟರೆ, "ಇದು ನಮ್ಮ ಸಿಲಬಸ್ಸಿನಲ್ಲಿ ಬರಲ್ಲ" ಎಂದು ವಾಪಸ್ಸು ಕೊಟ್ಟ. ಹೊರಡುವಾಗ ಮಾತ್ರ ಇವರ ಹೆಗಲ ಮೇಲೆ ಕೈಹಾಕಿ ಒಂದು ಫೋಟೋ ತೆಗೆಸಿಕೊಂಡ.

ಬಸ್ಸಿನಲ್ಲಿ ನಾನು ತಡೆಯಲಾರದೆ ಹೇಳಿದೆ, "ನೀವು ಯಾವ ಹುಡುಗನನ್ನಾದರೂ ಒಂದು ದಿನ ಹೀಗೆ ಅಣಕಿಸಿದ್ದುಂಟೇ?"

"ಬಿಡೇ. ಸಂಥೆ ಹೇಳಿಕೊಡೋದು ಅವನಿಗೆ ಗೊತ್ತಿಲ್ಲ" ಎಂದು ಕಿಟಕಿಯ ಕಡೆ ತಿರುಗಿದರು.

ಚನ್ನರಾಯಪಟ್ಟಣದ ಕಡೆ ಗುಡಿಗಳನ್ನೆಲ್ಲ ನೋಡಿಕೊಂಡು, ತನ್ನ ದೇಶಕ್ಕೆ ಹೊರಡುವ ಮೊದಲು ಹಾನ್ನಾ ಮತ್ತೆ ಬಂದಳು. ಇವರು ಆಕೆಯನ್ನು ನಮ್ಮ ಜಗಲಿಯ ಮೇಲೆ, ತಾವು ಪಾಠ ಹೇಳಲು ಕೂರುವ ಮಣೆಯ ಮೇಲೆ ಕೂರಿಸಿದರು. ತಾವು ಎದುರಿಗೆ ಬರಿ ನೆಲದಲ್ಲಿ, ಹುಡುಗರು ಕೂರುವ ಜಾಗದಲ್ಲಿ ಕೂತರು. ಒಂದು ಬೆರಳು ತೋರಿಸಿ ಆಕೆಗೆ, ಎರಡು ಬೆರಳು ತೋರಿಸಿ ತಮಗೆ ಎಂದು ಸನ್ನೆ ಮಾಡಿದರು. ಆಕೆಗೆ ತಕ್ಷಣ ತಿಳಿಯಿತು.

ಆಕೆ ಒಂದು ಸಲ, ಇವರು ಎರಡು ಸಲ. ತಪ್ಪಿತು. ಆಕೆ ನಗಲಿಲ್ಲ, ಮತ್ತೆ ಒಂದು ಸಲ. ಬೀದಿಯಲ್ಲಿ ಜನ ನಿಂತರು. ದಿಲೀಪ್ ಶುರು ಮಾಡಿದ, "ಬಂದ್ ನೋಡ್ರಲಾ, ಅಯ್ನೋರ್ಗೇ ಮೇಡಮ್ಮು ಅಆಇಈ ಯೋಳ್ಕೊಡ್ತಾವ್ಳೆ!"

ಅವನ ಅಜ್ಜಿ ದೊಡ್ಡತಾಯಮ್ಮ ಎದುರು ಮನೆಯ ಹೊಸಿಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ಸಿಪ್ಪೆಯನ್ನೇ ಅವನ ಮೇಲೆ ಎಸೆದಳು. "ಮುಚ್ಲಾ ಬಾಯ! ಎಸ್ರುಕಾಳಿನಷ್ಟು ಮಗೀಗೆ ಎದೆ ಕುಯ್ತಾರಂತೆ, ನಿಂಗೆ ನಗ್ಸಾರವಾ? ನೀನ್ ಸಣ್ಣೋನಿದ್ದಾಗ ಜ್ವರ ಬಂದು ಬಿದ್ದಿದ್ದಾಗ ಇದೇ ಅಯ್ನೋರು ನಿನ್ನೆಸ್ರು ಯೋಳಿದ್ದು ಕಣ್ಲಾ. ಬೇರ್ಯೋರ್ ಎಸ್ರು ಯೋಳಿದ್ರೆ ನೀನ್ ಇವತ್ತು ಕಾರು ಓಡುಸ್ತಿದ್ದಾ?"

ಅವನು ಕಾರಿನೊಳಗೆ ಹೋಗಿ ಕೂತ. ದೀಪ ಹಚ್ಚುವ ಹೊತ್ತಿಗೆ ಇವರ ಬಾಯಲ್ಲಿ ಅಗ್ನ್ಯೆಷ್ಕಾ ಎಂದು ಬಂತು. ಸ್ವಾಹಾ ಬರಲಿಲ್ಲ. ಹಾನ್ನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಬೆರಳು ತೋರಿಸಿ ಇವರಿಗೆ ಒಂದು, ತನಗೆ ಎರಡು ಎಂದು ಸನ್ನೆ ಮಾಡಿ, ನಂಜುಂಡಯ್ಯ ಎಂಬುದನ್ನು ಕಲಿತುಕೊಂಡೇ ಎದ್ದಳು. ಬಾಯಿಗೆ ಬರದ ಹೆಸರಂತೆ! ಕಲಿಯುವ ಮನಸ್ಸಿದ್ದವಳ ಬಾಯಿಗೆ ಬಂತು.

ಕೊನೆಯ ಸೋಮವಾರ ಗುಡಿಯ ತುಂಬ ಜನ. ಇವರು ಕಾಶ್ಯಪ ಗೋತ್ರ ಎಂದರು, ಕೃತ್ತಿಕಾ ನಕ್ಷತ್ರ ಎಂದರು. ಹೆಸರು ಘಂಟೆಯ ಹಾಗೆ ಬಂತು. ಆ ದಿನ ಆ ಜಾಗ ಖಾಲಿ ಉಳಿಯಲಿಲ್ಲ. ಬೇಸಿಗೆಯಲ್ಲಿ ಒಂದು ಫೋಟೋ ಬಂತು, ಹುಲ್ಲಿನ ಮೇಲೆ ನಿಂತ ಹುಡುಗಿ. ದೇವರು ಉಳಿಸಿದನೋ ಡಾಕ್ಟರು ಉಳಿಸಿದರೋ, ಆ ಚರ್ಚೆ ನನಗೆ ಬೇಡ. ಇವರು ಮಾತು ಉಳಿಸಿಕೊಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಪೂಜೆಯ ಸುದ್ದಿ ಹಬ್ಬಿ, ಸ್ವಲ್ಪ ದಿನಕ್ಕೆ ಹಾಸನದಲ್ಲಿ ಆ ಕ್ಲಾಸಿನವರು ಕರಪತ್ರ ಹಂಚಿದರು. ಆತ್ರೇಯ ತೆಗೆಸಿಕೊಂಡಿದ್ದ ಅದೇ ಫೋಟೋ. ಕೆಳಗೆ, 'ನಮ್ಮ ವಿದ್ಯಾರ್ಥಿ ನಿಕ್ ತಾತ, ಈಗ ವಿದೇಶಿಯರಿಗೆ ಇಂಗ್ಲಿಷಿನಲ್ಲಿ ಪೂಜೆ ಮಾಡುತ್ತಾರೆ!' ಕಲಿಸಿದ್ದು ಯಾರು, ಹೆಸರು ಮಾಡಿಕೊಂಡದ್ದು ಯಾರು? ಸಂತೆಗೆ ಹೋದರೆ ನಿಕ್ ತಾತ, ಬಸ್ಸು ಹತ್ತಿದರೆ ನಿಕ್ ತಾತ. ಕಂಡಕ್ಟರೂ ಹಾಗೇ ಕರೆದ. ನಾನು ಕೂಗಾಡಿದರೆ ಇವರು, "ಅವರವರ ನಾಲಿಗೆ ಕಾವೇರಿ" ಎನ್ನುವರು. ಆದರೆ ಆಮೇಲೆ ಹಾಸನಕ್ಕೆ ಹೋಗುವುದನ್ನು ನಿಧಾನವಾಗಿ ಬಿಟ್ಟೇಬಿಟ್ಟರು. ಅದು ನನಗೆ ಮಾತ್ರ ಗೊತ್ತು.

ಎರಡು ಸಾವಿರದ ಎಂಟರಲ್ಲಿ ಅವರು ಹೋದರು. ವೈಕುಂಠ ಸಮಾರಾಧನೆಯ ದಿನ ಆತ್ರೇಯ ದೊಡ್ಡ ಹಾರ ಹಿಡಿದುಕೊಂಡು ಬಂದ. ಫೋಟೋದ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, "ನಮ್ಮ ನಿಕ್ ತಾತ ತುಂಬಾ ಗ್ರೇಟ್" ಎಂದ.

ಹೊಸದಾಗಿ ಗಂಡ ಸತ್ತವಳು ನಾಲ್ಕು ಜನರ ಮುಂದೆ ಬರಬಾರದು ಎನ್ನುತ್ತಾರೆ. ನಾನು ಅಡಿಗೆ ಮನೆಯಿಂದ ಎದ್ದು ಬಂದೆ. ಜಗಲಿಯ ಮೇಲೆ ಅವರ ಮಣೆ ಇತ್ತು. ಅದರ ಮೇಲೆ ಕೂತೆ.

"ಕೂತುಕೊಳ್ಳಪ್ಪ, ಇಲ್ಲಿ ನೆಲದ ಮೇಲೆ. ನಾನು ಒಂದು ಸಲ ಹೇಳ್ತೀನಿ, ನೀನು ಎರಡು ಸಲ ಹೇಳು. ನಂಜುಂಡಯ್ಯ."

ಅವನು ನಕ್ಕು ಸುತ್ತ ನೋಡಿದ. ಯಾರೂ ನಗಲಿಲ್ಲ. ಎದುರು ಮನೆಯ ದೊಡ್ಡತಾಯಮ್ಮ, "ಕುಂತ್ಕಳಪ್ಪ, ಅಮ್ಮಾರು ಯೋಳ್ತಾವ್ರಲ್ಲ" ಎಂದಳು. ಕೂತ.

"ನಂಜುಂಡಯ್ಯ" ಎಂದ. ಗಂಟಲಿನಲ್ಲೇ.

"ಕೇಳಿಸಲಿಲ್ಲ. ನಂಜುಂಡಯ್ಯ."

ಎರಡು ಸಲ ಹೇಳಿದ. ಕೊನೆಯ ಸಾಲಿನ ಎಲೆಯ ಮುಂದೆ ಕೂತವರಿಗೂ ಕೇಳಿಸಿತು.

"ಈಗ ಹೋಗಿ ಊಟ ಮಾಡು" ಎಂದೆ.