ಕಣ್ಣು ಮುಚ್ಚಿ ಆಡಿದ ಮಾತು

ಇವತ್ತು ಬೆಳಿಗ್ಗೆ ಬಿಬವೇವಾಡಿಯ ನಮ್ಮ ಓಣಿಗೆ ಸೊಪ್ಪಿನ ಗಾಡಿ ಬಂದಿತ್ತು. "ಶೇಪು ಘ್ಯಾ, ಕಾಕು" ಎಂದು ಮರಾಠಿಯಲ್ಲಿ ಕೂಗುತ್ತ ಮಾರುವವಳು ಒಂದು ಕಟ್ಟು ಸಬ್ಬಸಿಗೆಯನ್ನು ನನ್ನ ಮೂಗಿಗೇ ಹಿಡಿದಳು. ಆ ವಾಸನೆಗೆ ಮುಖ ತಿರುಗಿಸಿ ಮೆಂತ್ಯ ಕೊಂಡೆ. ಸೊಪ್ಪಿನದೇನೂ ತಪ್ಪಿಲ್ಲ, ಪಾಪ. ತಪ್ಪೆಲ್ಲ ನನ್ನ ಬಾಯಿಯದು.

ನಮ್ಮ ಕೆಳಗಿನ ಮನೆಯಲ್ಲಿ ಕರುಣಾ ಇದ್ದಾಳೆ. ಅವಳದು ಗದಗ, ನಮ್ಮದು ಧಾರವಾಡ. ಇಬ್ಬರೂ ಒಂದೇ ಕನ್ನಡ ಕ್ರೈಸ್ತ ಸಭೆಯವರು. ಅವಳ ಗಂಡ ಮಾರ್ಕೆಟ್ ಯಾರ್ಡಿನಿಂದ ಲಾರಿ ಹೊರಡಿಸಿದರೆ ವಾರಗಟ್ಟಲೆ ಬಾರದವನು. ಹಾಗಾಗಿ ಮಧ್ಯಾಹ್ನ ನಾವಿಬ್ಬರೂ ಎದುರುಬದುರು ಕೂತು ಸೊಪ್ಪು ಸೋಸುತ್ತಿದ್ದೆವು. ಕೈಗೆ ಕೆಲಸ ಸಿಕ್ಕರೆ ಮಾತು ತಾನಾಗಿ ಬರುತ್ತದೆ ನೋಡಿ. ಆರು ವರ್ಷದ ಹಿಂದೆ ಒಂದು ದಿನ ಸಬ್ಬಸಿಗೆ ಸೋಸುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು.

"ಅಕ್ಕಾರ, ಎದಿಯೊಳಗ ಒಂದು ಗಂಟು ಕೈಗೆ ಹತ್ತೇದ. ಬರೂ ಸೋಮವಾರ ಚೂರು ತಗದು ತಪಾಸಣಾಕ್ಕ ಕಳಸ್ತಾರಂತ. ಶೀಬಾನ ಪರೀಕ್ಷಾ ಮುಗಿಯೂ ತನಕಾ ಯಾರಿಗೂ ಹೇಳಬ್ಯಾಡ್ರಿ. ನೀವು ಪ್ರಾರ್ಥನಾ ಮಾಡ್ರಿ, ಸಾಕು."

ಶೀಬಾ ಅವಳ ಒಬ್ಬಳೇ ಮಗಳು. ಆಗ ಹನ್ನೆರಡನೆಯ ತರಗತಿ, ಇನ್ನೂ ಮೂರು ಪೇಪರು ಬಾಕಿ.

ಇಲ್ಲಿ ನನ್ನದೊಂದು ದೌರ್ಬಲ್ಯ ಹೇಳಿಬಿಡಬೇಕು. ನಮ್ಮ ಸಭೆಯವರು ಪ್ರತಿ ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಸುತ್ತಲೂ ಕೂತು, ಸರದಿಯಂತೆ ಬಾಯಿಬಿಟ್ಟು ಪ್ರಾರ್ಥಿಸುತ್ತೇವೆ. ಅದರಲ್ಲಿ ನಾನು ಎತ್ತಿದ ಕೈ. ಮನೆಯಲ್ಲಿ ಬರ್ರಿ, ಹೋಗ್ರಿ ಎನ್ನುವವಳು ಕಣ್ಣು ಮುಚ್ಚಿದ ಕೂಡಲೇ ಬೈಬಲಿನ ಕನ್ನಡಕ್ಕೆ ಏರಿಬಿಡುತ್ತಿದ್ದೆ. ಯಾರಿಗೆ ಮಂಡಿನೋವು, ಯಾರ ಮಗಳಿಗೆ ಸಂಬಂಧ ಕೂಡಿಬಂದಿಲ್ಲ, ಯಾರ ಅತ್ತೆಗೆ ಎಷ್ಟು ಸಿಟ್ಟು, ಎಲ್ಲವನ್ನೂ ದೇವರಿಗೆ ವಿವರವಾಗಿ ಒಪ್ಪಿಸುತ್ತಿದ್ದೆ. "ಏನ್ ಛಂದ ಪ್ರಾರ್ಥನಾ ಮಾಡ್ತೀರಿ" ಎಂದು ಯಾರಾದರೂ ಅಂದರೆ ನಾಲ್ಕು ದಿನ ಹಿಗ್ಗು. ಇನ್ನೊಬ್ಬರ ಮನೆಯ ಮಾತನ್ನು ಕಣ್ಣು ತೆರೆದು ಆಡಿದರೆ ಚಾಡಿ, ಮುಚ್ಚಿ ಆಡಿದರೆ ಭಕ್ತಿ ಎಂದು ನಂಬಿದ್ದೆನೋ ಏನೋ.

ಆ ಬುಧವಾರ ಕೂಟ ನಮ್ಮ ಮನೆಯಲ್ಲೇ ಇತ್ತು. ಕರುಣಾ ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳ ಚಿಂತೆ ಎರಡು ದಿನದಿಂದ ನನ್ನನ್ನು ತಿನ್ನುತ್ತಿತ್ತು, ಊಟ ಸೇರುತ್ತಿರಲಿಲ್ಲ. ನನ್ನ ಸರದಿ ಬಂತು. "ಕರ್ತನೇ, ನಿನ್ನ ಮಗಳಾದ ಕರುಣಾಳ ಎದೆಯಲ್ಲಿರುವ ಗಂಟನ್ನು ಕರಗಿಸು, ಸೋಮವಾರದ ತಪಾಸಣೆಯಲ್ಲಿ..." ಪಕ್ಕದಲ್ಲಿ ಉಸಿರು ನಿಂತಂತಾಯಿತು. ಕಣ್ಣು ತೆರೆದೆ. ಮನೆಯ ಕೀಲಿ ಕೇಳಲು ಬಂದಿದ್ದ ಶೀಬಾ ಬಾಗಿಲಲ್ಲಿ ನಿಂತಿದ್ದಳು. ಏನೂ ತಿಳಿಯದೆ ಯಾರೋ ಗಟ್ಟಿಯಾಗಿ ಆಮೆನ್ ಅಂದರು.

ಮೆಟ್ಟಿಲ ಮೇಲೆ ಕರುಣಾಳ ಹಿಂದೆ ಓಡಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ದೇವರಿಗೆ ನನ್ನ ಗಂಟು ಗೊತ್ತಿದ್ದಿಲ್ಲೇನ್ರಿ, ಅಕ್ಕಾರ? ಅಷ್ಟು ಜೋರಾಗಿ ಹೇಳಿದ್ದು ಯಾರಿಗೆ?"

ಅದಕ್ಕೆ ಈಗ ನನ್ನಲ್ಲಿ ಉತ್ತರ ಇದೆ, ಆದರೆ ಹೇಳಿಕೊಳ್ಳುವಂಥದ್ದಲ್ಲ.

ಶನಿವಾರ ಶೀಬಾಳಿಗೆ ರಸಾಯನಶಾಸ್ತ್ರದ ಪೇಪರು. ಅವಳು ಮರಳಿ ಬರುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ. ಬಂದಳು, ಮುಖ ಎತ್ತದೆ ಒಳಗೆ ಹೋದಳು. ಹುಡುಗಿಯ ವರ್ಷ ಹಾಳಾದರೆ, ಕರುಣಾಳಿಗೆ ಏನಾದರೂ ಆದರೆ ಎಂದು ಒಳಗೊಳಗೇ ನಡುಗುತ್ತಿದ್ದೆ. ಪ್ರಾರ್ಥಿಸೋಣವೆಂದರೆ ನನ್ನ ದನಿಗೆ ನಾನೇ ಹೆದರುತ್ತಿದ್ದೆ. ಈ ಎಲ್ಲದರ ನಡುವೆ, ಕರುಣಾ ಇನ್ನು ನನ್ನನ್ನು ನಂಬುವುದಿಲ್ಲವಲ್ಲ ಎಂಬ ಸ್ವಂತದ ದುಃಖ ಬೇರೆ. ಅದಕ್ಕೂ ನಾಚಿಕೆ.

ಸೋಮವಾರ ಬೆಳಿಗ್ಗೆ ಶೀಬಾ ಮೇಲೆ ಬಂದಳು. "ಆಂಟಿ, ನಂದು ಇವತ್ತ ಪೇಪರ್ ಅದ. ಅಪ್ಪ ನಾಗಪುರದಾಗ ಅದಾನ. ಅವ್ವ ಒಬ್ಬಾಕಿನ ಹೊಂಟಾಳ, ನೀವು ಹೋಗ್ತೀರೇನು?"

ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕರುಣಾ ನನ್ನನ್ನು ಒಮ್ಮೆ ನೋಡಿ, "ಬಂದೀರಂದ್ರ ಕೂಡ್ರಿ. ಪ್ರಾರ್ಥನಾ ಮಾತ್ರ ಬ್ಯಾಡ" ಅಂದಳು. ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ತಾಸು ಕೂತೆ. ಬಾಯಿಯವರೆಗೆ ಬಂದ ಕರ್ತನೇ ಎಂಬ ಮಾತನ್ನೂ ನುಂಗಿಕೊಂಡೆ. ಹುಟ್ಟಿದಂದಿನಿಂದ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಅದೇ ಮೊದಲು.

ಗಂಟು ಕೆಟ್ಟದ್ದಲ್ಲವೆಂದು ವರದಿ ಬಂತು. ಶೀಬಾ ಪಾಸಾದಳು. ಎರಡೂ ಸುದ್ದಿ ನನಗೆ ತಿಳಿದದ್ದು ಸಭೆಯ ಪಾದ್ರಿ ಅಯ್ಯನವರಿಂದ. ನನ್ನ ತಪ್ಪಾಯಿತೆಂದು ಹೇಳಿಕೊಂಡಾಗ "ಬಿಡ್ರಿ, ಆತು" ಅಂದಳು ಕರುಣಾ. ಆಮೇಲೆ ಆರು ವರ್ಷ ಚಹಾ ಕುಡಿದಿದ್ದೇವೆ, ಬಿಸಿಲು, ಬಸ್ಸು, ನೀರು ಬರುವ ಹೊತ್ತು ಎಲ್ಲ ಮಾತಾಡಿದ್ದೇವೆ. ಅವಳು ಸ್ವಲ್ಪ ತಡೆದು ಮಾತು ಶುರು ಮಾಡಿದಾಗಲೆಲ್ಲ ನಾನು ಚಹಾದ ಕಪ್ಪು ಕೆಳಗಿಟ್ಟು ಕಾಯುತ್ತಿದ್ದೆ. ಬರುತ್ತಿದ್ದದ್ದು ಮತ್ತೆ ನೀರಿನ ಮಾತೇ.

ಇವತ್ತು ಗಾಡಿಯಿಂದ ತಿರುಗಿ ಬರುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾರ, ಹತ್ತು ನಿಮಿಷ ಒಳಗ ಬರ್ರಿ. ನಿಮಗೊಂದು ಮಾತು ಹೇಳೂದದ."

ಹೇಳಿದಳು. ಕೇಳಿದೆ. ಏಳುವ ಮೊದಲು, ಹಳೆಯ ಗಂಟಿನ ಸಂಗತಿ ಬರೆಯಲೇ ಎಂದು ಕೇಳಿದೆ. "ಹೆಸರು ಬದಲ ಮಾಡ್ರಿ" ಅಂದಳು, ಮಾಡಿದ್ದೇನೆ.

ನಾಡಿದ್ದು ಬುಧವಾರ. ಎಲ್ಲರೂ ಸುತ್ತಲೂ ಕೂತಿರುತ್ತಾರೆ, ನನ್ನ ಸರದಿ ಬರುತ್ತದೆ. ಈಗಷ್ಟೇ ಅಡುಗೆಮನೆಯಲ್ಲಿ ನಿಂತು ಅವಳಿಗಾಗಿ ಬೇಡಿಕೊಂಡೆ, ತುಟಿ ಅಲುಗದ ಹಾಗೆ. ಅವಳು ಹೇಳಿದ್ದೇನು ಎಂದು ನಿಮಗೆ ಕುತೂಹಲ ಹುಟ್ಟಿರಬಹುದು. ಇಷ್ಟು ದೂರ ಜೊತೆಗೆ ಬಂದಿದ್ದೀರಿ, ನನಗೂ ನಾಲಿಗೆಯ ತುದಿಯಲ್ಲೇ ಇದೆ. ಆದರೆ ಹೇಳುವುದಿಲ್ಲ.