ತಂಗಿಯ ಕತೆಯ ಹಕ್ಕು

ನನ್ನ ತಂಗಿ ನಮ್ಮ ಮನೆಯ ಮುಂಬಾಗಿಲು ಬಡಿದವಳೇ ಅಲ್ಲ. ಅಪ್ಪ ಚಿಕ್ಕೋಡಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಅವರ ನಿದ್ದೆ ಕೆಡಬಾರದೆಂದು ಅವಳು ನಿಪ್ಪಾಣಿಯ ಕಾಲೇಜಿನಿಂದ ಬಂದವಳೇ ಹಿತ್ತಲಿಗೆ ಸುತ್ತುಹಾಕಿ, ಅಡುಗೆಮನೆ ಕಿಟಕಿಯ ಸರಳಿಗೆ ಕೈಬಳೆಯಿಂದ ಬಡಿಯುತ್ತಿದ್ದಳು. ಆಮೇಲೆ ಸಣ್ಣ ದನಿಯಲ್ಲಿ, "ಅಕ್ಕಾ, ಕದಾ ತಗಿ."

ಒಂದು ಮಳೆಗಾಲದ ಕೊನೆಗೆ ಅವಳಿಗೆ ಡೆಂಗಿ ಜ್ವರ ಬಂತು. ಮಿರಜಿನ ದವಾಖಾನೆಗೆ ಒಯ್ದೆವು. ಉಳಿಯಲಿಲ್ಲ. ತಿರುಗಿ ಬರುವಾಗ ಅವಳನ್ನು ಆಂಬ್ಯುಲೆನ್ಸಿನಲ್ಲಿ ಮಲಗಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಅವ್ವ ಅವಳ ಹೊದಿಕೆ ಸರಿಮಾಡುತ್ತಲೇ ಇದ್ದಳು.

ಮನೆಯಲ್ಲಿ ಯಾರೂ ಅವಳ ಮಾತೆತ್ತುತ್ತಿರಲಿಲ್ಲ. ನಾನು ರಾಯಬಾಗದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹೋಗಿಬರುವ ಬಸ್ಸಿನಲ್ಲಿ ಮೊಬೈಲಿನಲ್ಲೇ ಅವಳ ಬಗ್ಗೆ ಬರೆಯತೊಡಗಿದೆ. ಯಾರು ಬೇಕಾದರೂ ಪುಕ್ಕಟೆ ಬರೆದು ಪ್ರಕಟಿಸಬಹುದಾದ ಒಂದು ಆ್ಯಪ್ ಇತ್ತು. ಸೇರುವ ಮುಂಚೆ ಅದರ ಷರತ್ತುಗಳನ್ನು ಓದಿದ್ದೆ. "ನಿಮ್ಮ ಬರಹದ ಹಕ್ಕು ನಿಮ್ಮದೇ" ಎಂದು ಮೊದಲ ಸಾಲಿನಲ್ಲೇ ಇತ್ತು. ಅದು ಸಾಕೆನಿಸಿತು. ಅದರ ಕೆಳಗೆ ಕಂಪನಿಗೆ ಜಗತ್ತಿನಾದ್ಯಂತ, ಯಾವುದೇ ಮಾಧ್ಯಮದಲ್ಲಿ, ಸಂಭಾವನೆಯಿಲ್ಲದೆ ಬಳಸುವ ಮತ್ತು ರೂಪಾಂತರಿಸುವ ಪರವಾನಗಿ ಎಂದೇನೋ ಉದ್ದಕ್ಕೆ ಇತ್ತು. ಅದನ್ನೂ ಓದಿದೆ. ರೂಪಾಂತರ ಅಂದರೆ ಅಕ್ಷರ ದೊಡ್ಡದು ಸಣ್ಣದು ಮಾಡುವುದೇನೋ ಅಂದುಕೊಂಡು ಒಪ್ಪಿಗೆ ಒತ್ತಿದೆ.

ಬರಹ ಓದಿ ಅತ್ತೆವೆಂದು ಗುರುತಿಲ್ಲದವರು ಅದರ ಕೆಳಗೆ ಬರೆದಿದ್ದರು. ಕಬ್ಬೂರಿನ ಹೆಣ್ಣುಮಗಳೊಬ್ಬಳು, "ನನ್ನ ತಂಗಿನೂ ಹಿಂಗ ಇದ್ದಳ್ರಿ" ಅಂತ ಬರೆದಿದ್ದಳು. ಬಸ್ಸಿನಲ್ಲಿ ಕೂತು ಅವನ್ನೆಲ್ಲ ಮತ್ತೆಮತ್ತೆ ಓದುತ್ತಿದ್ದೆ.

ಮರುವರ್ಷ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿದ್ದೆವು. ಗಣಿತದ ಟೀಚರು ಊಟ ಮಾಡುತ್ತ ಮೊಬೈಲಿನಲ್ಲಿ ಅದೇ ಆ್ಯಪಿನ ಒಂದು ಆಡಿಯೋ ಕತೆ ಹಚ್ಚಿದರು. "ಕೇಳ್ರಿ ಇದನ್ನ. ಹಗಲೊತ್ತಿನಾಗೂ ಮೈ ಜುಮ್ಮ್ ಅಂತೈತಿ."

ಮೊದಲು ಗಾಳಿಯ ಸದ್ದು. ಆಮೇಲೆ ಕಬ್ಬಿಣದ ಸರಳಿಗೆ ಬಳೆ ತಾಗಿದ ಸದ್ದು. ಒಬ್ಬ ಹುಡುಗಿ ಬೆಂಗಳೂರಿನ ಕನ್ನಡದಲ್ಲಿ, "ಅಕ್ಕಾ, ಬಾಗಿಲು ತೆಗಿ... ತುಂಬಾ ಚಳಿ ಆಗ್ತಿದೆ" ಅಂದಳು.

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಡಿಪೋದ ಅಪ್ಪ, ನಿಪ್ಪಾಣಿಯ ಬಸ್ಸು, ಮಿರಜಿನ ದಾರಿ, ಎಲ್ಲ ನಾನು ಬರೆದದ್ದೇ. ಆದರೆ ಅದರಲ್ಲಿ ಅವಳು ಸತ್ತಮೇಲೂ ಬರುತ್ತಾಳೆ. ಕಿಟಕಿ ಬಡಿಯುತ್ತಾಳೆ. ಕದ ತೆರೆದವರ ಕುತ್ತಿಗೆಗೆ ಕೈಹಾಕುತ್ತಾಳೆ.

ನಾವು ಬೌದ್ಧರು. ದೀಕ್ಷೆ ತಗೊಂಡ ದಿನವೇ ಅಪ್ಪ ಮನೆಯಲ್ಲಿದ್ದ ತಾಯತ, ಯಂತ್ರ ಎಲ್ಲ ಹೊರಗೆ ಹಾಕಿದ್ದರಂತೆ. ದೆವ್ವ ಎಂಬ ಶಬ್ದ ಬಂದರೆ, "ಸತ್ತವ್ರು ಯಾರಿಗೂ ಏನೂ ಮಾಡಂಗಿಲ್ಲ. ಸುಮ್ನ ಅವ್ರ ಹೆಸರ ಕೆಡಸಬ್ಯಾಡ್ರಿ" ಅನ್ನುತ್ತಿದ್ದರು. ಅಂಥ ಮನೆಯ ಮಗಳನ್ನು ದೆವ್ವ ಮಾಡಿದ್ದರು.

ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ. ಒಬ್ಬ ಹುಡುಗ ಎಲ್ಲ ಕೇಳಿಸಿಕೊಂಡ.

"ಮೇಡಂ, ಬರಹದ ಹಕ್ಕು ಈಗಲೂ ನಿಮ್ದೇ. ನೀವು ಕೊಟ್ಟಿರೋ ಪರವಾನಗಿ ಪ್ರಕಾರ ಆಡಿಯೋ ಮಾಡಿದೀವಿ ಅಷ್ಟೇ. ಮುಕ್ತಾಯದಲ್ಲಿ ನಿಮ್ಮ ಹೆಸರೂ ಹೇಳ್ತೀವಿ."

"ಅಕಿ ದೆವ್ವ ಅಲ್ರಿ. ನನ್ನ ತಂಗಿ."

"ಸಾರಿ ಮೇಡಂ. ನಿಜವಾಗಿ ನಡೆದಿದ್ದು ಅಂತ ಯಾರಿಗೂ ಗೊತ್ತಿರಲಿಲ್ಲ ಅನ್ಸುತ್ತೆ. ನಿಮ್ಮ ಬರಹ ನೀವು ಅಳಿಸಬಹುದು. ಆಡಿಯೋ ಮಾತ್ರ ತೆಗೆಯೋಕಾಗಲ್ಲ, ಅದು ಮುಂಚೆನೇ ಆಗಿಹೋಗಿದೆ."

ಸಿಟ್ಟಿನಲ್ಲಿ ಅಳಿಸಿಬಿಟ್ಟೆ. ಅದರ ಜೊತೆ ಓದಿದವರ ಮಾತುಗಳೂ ಹೋದವು, ಕಬ್ಬೂರಿನ ಹೆಣ್ಣುಮಗಳದೂ. ಆಮೇಲೆ ಆ ಆ್ಯಪಿನಲ್ಲಿ ಎಲ್ಲಿ ಹುಡುಕಿದರೂ ನನ್ನ ತಂಗಿ ಇರಲಿಲ್ಲ, ಆ ದೆವ್ವ ಒಂದೇ ಇತ್ತು.

ಕತೆ ನಮ್ಮ ಓಣಿಗೂ ಬಂತು. ನನ್ನ ಹೆಸರು ಕೇಳಿದವರಿಗೆ ಮನೆ ಯಾವುದೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಹಾಲು ಹಾಕುವವಳು ಹಿತ್ತಲ ಕಡೆ ಬರುವುದನ್ನು ಬಿಟ್ಟಳು. ಒಂದು ರವಿವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಕಿಟಕಿಯ ಸರಳಿನ ಸದ್ದಾಯಿತು. ಅದೇ ಬಳೆ, ಅದೇ ಮೆಲ್ಲನೆಯ ಬಡಿತ. ಅಪ್ಪನ ತುತ್ತು ಅರ್ಧಕ್ಕೇ ನಿಂತಿತು. ಅವ್ವ ಎಂಜಲುಗೈಯಲ್ಲೇ ಎದ್ದು ಓಡಿಹೋಗಿ ಹಿತ್ತಲ ಕದ ತೆಗೆದಳು. ಓಣಿಯ ಇಬ್ಬರು ಹುಡುಗಿಯರು ಕಿಸಕಿಸ ನಗುತ್ತ ಗೋಡೆಯಾಚೆ ಓಡಿದರು.

"ಯಾರ ಅದು?" ಅಂದರು ಅಪ್ಪ.

ಅವ್ವ ಬಾಗಿಲಲ್ಲೇ ನಿಂತಳು. ಅವಳ ಮುಖದಲ್ಲಿ ಅಂಜಿಕೆ ಇರಲಿಲ್ಲ. ನನಗೆ ಅದೇ ಅಂಜಿಕೆ ಹುಟ್ಟಿಸಿತು.

ಅವತ್ತೇ ಎಲ್ಲ ಹೇಳಿದೆ. ಅಪ್ಪ ಕೈತೊಳೆದುಕೊಂಡು, ಅಂಗಿ ಹಾಕಿಕೊಂಡು ಹೊರಗೆ ಹೋದರು. ಅವ್ವನಿಗೆ ಮೊದಲೇ ಗೊತ್ತಿತ್ತು. ಪಕ್ಕದ ಮನೆಯವರು ಕೇಳಿಸಿದ್ದರಂತೆ.

"ಒಬ್ಬ ವಕೀಲರನ್ನ ಕೇಳೇನಿ, ಅವ್ವ. ನೋಟಿಸ್ ಕಳಸೂಣು ಅಂದಾರ. ಅದನ್ನ ಬಂದ್ ಮಾಡಸ್ತೀನಿ."

"ಬಂದ್ ಮಾಡಸಬ್ಯಾಡ," ಅಂದಳು ಅವ್ವ.

"ಅಕಿನ್ನ ದೆವ್ವ ಮಾಡ್ಯಾರ!"

"ಮಾಡ್ಲಿ. ನೀ ಬರದದ್ದನ್ನೂ ಓದಿಸಿಕೊಂಡೇನಿ ನಾ. ಅದರಾಗ ಅಕಿ ದವಾಖಾನ್ಯಾಗ ಮುಗದಹೋಗ್ತಾಳ. ಇದರಾಗ ಮನಿಗೆ ಬರ್ತಾಳ."

ವಕೀಲರಿಗೆ ಬೇಡವೆಂದು ಹೇಳಿದೆ. ಸಂಜೆ ಅವ್ವ ಬಿಡಿಸಲು ಸೊಪ್ಪು ಹಿಡಿದು ಕೂತಾಗ ಅಪ್ಪ ಎದ್ದು ಹೊರಗಿನ ಕಟ್ಟೆಗೆ ಹೋಗುತ್ತಾರೆ. ನಾನು ಮೊಬೈಲಿನಲ್ಲಿ ಆ ಕತೆ ಹಚ್ಚಿಕೊಡುತ್ತೇನೆ. ಆ ಗುರುತಿಲ್ಲದ ಹುಡುಗಿ "ಅಮ್ಮಾ" ಅಂದಾಗಲೆಲ್ಲ ಅವ್ವ ಸೊಪ್ಪಿನಿಂದ ಕೈ ತೆಗೆಯುತ್ತಾಳೆ. ನಮ್ಮವಳು ಯಾವತ್ತೂ ಅಮ್ಮಾ ಅಂದವಳಲ್ಲ. ಅದನ್ನು ನಾನು ಹೇಳಲು ಹೋಗಿಲ್ಲ.

ಹೋದ ವಾರ ಕಂಪನಿಯಿಂದ ಸಂದೇಶ ಬಂತು. ಕೇಳುಗರ ಒತ್ತಾಯಕ್ಕೆ ಕತೆ ಮುಂದುವರಿಯುತ್ತದಂತೆ. ಮುಂದಿನದು ನಾನು ಬರೆದದ್ದಲ್ಲ, ಅವರೇ ಕಟ್ಟಿದ್ದು. ಓದಿ ಹೇಳಿದೆ.

ಅವ್ವ ಕೇಳಿದಳು, "ಯಾವಾಗ ಬರ್ತಾಳಂತ?"